ಹೇಡಿ: ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಧೈರ್ಯವಿಲ್ಲದವರನ್ನು ಸೂಚಿಸಲು ಕನ್ನಡದಲ್ಲಿ ಹೇಡಿ, ಪುಕ್ಕಲ, ಅಂಜುಬುರುಕ, ಅಧೀರ, ಭೀರು ಮೊದಲಾದ ಪದಗಳಿವೆ. ಇವುಗಳಲ್ಲಿ ಒಂದನ್ನು ಆರಿಸುವ ಮುನ್ನ, ತಾನು ಹೇಳಹೊರಟಿರುವುದು ವ್ಯಕ್ತಿಯ ಸ್ವಭಾವವನ್ನೋ, ಆ ಹೊತ್ತಿನ ಮನಃಸ್ಥಿತಿಯನ್ನೋ ಅಥವಾ ಅವನ ನಡತೆಯನ್ನೋ ಎಂಬುದನ್ನು ಬರೆಯುವವರು ಖಚಿತಪಡಿಸಿಕೊಳ್ಳಬೇಕು.

ಹೇಡಿ ಎಂಬುದು ನಡತೆಯ ಮೇಲಿನ ತೀರ್ಪು. ಮಾಡಲೇಬೇಕಾದ ಕರ್ತವ್ಯ ಕಣ್ಣೆದುರಿಗಿದ್ದು, ಅದನ್ನು ಭಯದಿಂದ ತೊರೆದವನಿಗೆ ಮಾತ್ರ ಅದು ಸಲ್ಲುತ್ತದೆ. ಉಡುಪಿ, ಮಂಗಳೂರಿನ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಉತ್ತರಕುಮಾರನೇ ಇದಕ್ಕೆ ತಕ್ಕ ಉದಾಹರಣೆ. ಅಂತಃಪುರದಲ್ಲಿ ಹೆಂಗಳೆಯರ ಮುಂದೆ ಜಂಬ ಕೊಚ್ಚಿಕೊಂಡವನು, ಗೋಗ್ರಹಣಕ್ಕೆ ಬಂದ ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಸಾರಥಿಯಾಗಿದ್ದ ಬೃಹನ್ನಳೆ ಬೆನ್ನಟ್ಟಿ ಹಿಡಿದು ತರಬೇಕಾಗುತ್ತದೆ. ರಣಹೇಡಿ ಎಂಬ ಪದ ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಆದರೆ ಅದೇ ಉತ್ತರ ಕುರುಕ್ಷೇತ್ರದ ಮೊದಲ ದಿನವೇ ಆನೆಯೇರಿ ಶಲ್ಯನನ್ನು ಎದುರಿಸಿ, ಅವನ ಕುದುರೆಗಳನ್ನು ಕೊಂದು, ಅವನ ಕೈಯಲ್ಲೇ ಮಡಿದ ಎಂಬುದನ್ನು ನಾವು ನೆನೆಯುವುದು ಕಡಿಮೆ. ಆದ್ದರಿಂದ ‘ಅವನು ಹೇಡಿ’ ಎಂದು ಆಳನ್ನೇ ಅಳೆದುಬಿಡುವುದಕ್ಕಿಂತ ‘ಅಂದು ಹೇಡಿಯಂತೆ ನಡೆದುಕೊಂಡ’ ಎಂದು ಬರೆಯುವುದು ಹೆಚ್ಚು ನ್ಯಾಯವೆಂದು ನನ್ನ ಅಭಿಪ್ರಾಯ.

ಕರ್ತವ್ಯಚ್ಯುತಿ ಇಲ್ಲದಲ್ಲಿ ಈ ಪದ ಬೇಡ. ಕಡಲು ಪ್ರಕ್ಷುಬ್ಧವಾಗಲಿದೆ ಎಂಬ ಹವಾಮಾನ ಇಲಾಖೆಯ ಮುನ್ಸೂಚನೆ ಕೇಳಿ ಮಲ್ಪೆಯಲ್ಲಿ ದೋಣಿ ಇಳಿಸದೆ ಉಳಿದ ಮೀನುಗಾರನದು ವಿವೇಕವೇ ಹೊರತು ಹೇಡಿತನವಲ್ಲ. ಬದುಕು ಕೊನೆಗೊಳಿಸಿಕೊಂಡವರ ಬಗ್ಗೆ ಬರೆಯುವಾಗಲಂತೂ ಈ ಪದವನ್ನು ದಯವಿಟ್ಟು ಬಳಸಬೇಡಿ. ಅದು ಅವರ ನೋವನ್ನು ವಿವರಿಸುವುದಿಲ್ಲ, ಉಳಿದವರ ನೋವನ್ನು ಮಾತ್ರ ಹೆಚ್ಚಿಸುತ್ತದೆ.

ಹುಟ್ಟು ಸ್ವಭಾವವನ್ನು ಹೇಳುವಾಗ ಅಂಜುಬುರುಕ, ಪುಕ್ಕಲ ಎಂಬ ಪದಗಳು ಸಾಕು. ಕತ್ತಲೆಗೆ ಹೆದರುವ ಮಗುವನ್ನು ಮನೆಯವರು ಅಕ್ಕರೆಯಿಂದ ಪುಕ್ಕಲ ಎನ್ನಬಹುದು. ಹೇಡಿ ಎಂದರೆ ಅದು ಬೈಗುಳ. ಆ ಕ್ಷಣದ ಅಳುಕನ್ನಷ್ಟೇ ಹೇಳಬೇಕಿದ್ದರೆ ನಾಮಪದವೇ ಬೇಕಿಲ್ಲ, ‘ಎದೆಗುಂದಿದ’, ‘ಧೈರ್ಯಗೆಟ್ಟ’, ‘ಅಧೀರನಾದ’ ಎಂದರೆ ಸಾಲುತ್ತದೆ. ತುಳುವಿನ ‘ಪೋಡಿಗೆ ಆಪುಂಡು’ ಎಂಬುದಕ್ಕೆ ಸರಿಯಾಗಿ ನಮ್ಮ ಊರಿನ ಕನ್ನಡದಲ್ಲಿ ‘ಹೆದರಿಕೆ ಆಗ್ತದೆ’ ಎನ್ನುವುದುಂಟು. ಭಯವು ಬಂದು ಹೋಗುವ ಸಂಗತಿಯೆಂಬ ಅರ್ಥ ಆ ಮಾತಿನಲ್ಲೇ ಇದೆ. ಭೀರು ಎಂಬ ಸಂಸ್ಕೃತ ಪದ ಬಿಡಿಯಾಗಿ ಬರುವುದು ವಿರಳ; ಸಮಾಸದಲ್ಲಿ ಸೇರಿ ‘ಪಾಪಭೀರು’ ಆದಾಗ ಅದು ಹೊಗಳಿಕೆಯೇ ಆಗುತ್ತದೆ.

ವ್ಯಾಕರಣದ ಮಾತು ಸರಳ. ಹೇಡಿ ಎಂಬ ರೂಪ ಗಂಡಿಗೂ ಹೆಣ್ಣಿಗೂ ಒಂದೇ, ಬಹುವಚನ ಹೇಡಿಗಳು. ಪುಕ್ಕಲ, ಅಂಜುಬುರುಕ ಎಂಬವು ಸ್ತ್ರೀಲಿಂಗದಲ್ಲಿ ಪುಕ್ಕಲಿ, ಅಂಜುಬುರುಕಿ ಎಂದಾಗುತ್ತವೆ. ಭಾವನಾಮಗಳು ಹೇಡಿತನ, ಪುಕ್ಕಲುತನ, ಅಂಜುಬುರುಕುತನ. ಹೇಡಿತನಕ್ಕೆ ‘ತೋರಿಸು’ ಎಂಬ ಕ್ರಿಯಾಪದ ಹೊಂದುತ್ತದೆ: ‘ಸಾಕ್ಷಿ ಹೇಳಬೇಕಾದಲ್ಲಿ ಹೇಡಿತನ ತೋರಿಸಿದರು.’