ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯುವ ಮುನ್ನ ಚರ್ಮ ಒಣಗಲಿ

ಬ್ಲಡ್ ಕಲ್ಚರ್ ಅಂದ್ರೆ ರಕ್ತವನ್ನು ಬಾಟಲಿಗೆ ಹಾಕಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡುವ ಪರೀಕ್ಷೆ. ಅದರ ರಿಪೋರ್ಟ್ ಪಾಸಿಟಿವ್ ಬಂತು ಅಂದ್ರೆ ರಕ್ತದಲ್ಲಿ ಸೋಂಕು ಇದೆ ಅಂತಲೇ ಅರ್ಥ ಅಲ್ವಾ? ಯಾವಾಗಲೂ ಅಲ್ಲ. ಎಷ್ಟೋ ಸಲ ಬಾಟಲಿಯಲ್ಲಿ ಬೆಳೆದಿರುವುದು ರೋಗಿಯ ಚರ್ಮದ ಮೇಲೆ ತನ್ನ ಪಾಡಿಗೆ ಇದ್ದ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್‌ನಂಥ ಬ್ಯಾಕ್ಟೀರಿಯಾ. ಸೂಜಿಯ ಜೊತೆ ಒಳಗೆ ಹೋಗಿರುತ್ತದೆ, ಅಷ್ಟೇ. ಆದರೆ ಲ್ಯಾಬಿನಿಂದ ಮೊದಲ ಫೋನ್ ಬಂದಾಗ ಇದು ಯಾರಿಗೂ ಗೊತ್ತಿರುವುದಿಲ್ಲ. ಯಾಕೆ ರಿಸ್ಕ್ ಅಂತ ಡಾಕ್ಟರು ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಶುರು ಮಾಡುತ್ತಾರೆ, ಮತ್ತೆ ರಕ್ತ ತೆಗೆಸುತ್ತಾರೆ, ಮನೆಗೆ ಹೋಗಬೇಕಿದ್ದವರು ವಾರ್ಡಿನಲ್ಲೇ ಉಳಿಯುತ್ತಾರೆ.

ಹೀಗೆ ಹೊರಗಿನ ಬ್ಯಾಕ್ಟೀರಿಯಾ ಸೇರಿಕೊಳ್ಳುವುದಕ್ಕೆ ಕಂಟ್ಯಾಮಿನೇಷನ್ ಅನ್ನುತ್ತಾರೆ. ತೆಗೆದ ಕಲ್ಚರ್‌ಗಳಲ್ಲಿ ಇದು 3% ಮೀರಬಾರದು ಎನ್ನುವುದು ಹಳೆಯ ಲೆಕ್ಕ. ಚೆನ್ನಾಗಿ ಮಾಡಿದರೆ 1%ಗೆ ಇಳಿಸಬಹುದು ಎನ್ನುವುದು ಈಗಿನ ಗುರಿ. ಇದಕ್ಕೆ ದೊಡ್ಡ ಮಷೀನು ಬೇಕಿಲ್ಲ, ಒಂದೆರಡು ನಿಮಿಷದ ತಾಳ್ಮೆ ಸಾಕು.

ಮೊದಲು ಕೈ ತೊಳೆಯಿರಿ. ತೋಳಿಗೆ ಟೂರ್ನಿಕೆಟ್ (ಬಿಗಿಯುವ ಪಟ್ಟಿ) ಕಟ್ಟಿ, ನರ, ಅಂದ್ರೆ ರಕ್ತನಾಳ, ಎಲ್ಲಿದೆ ಅಂತ ಬೆರಳಿನಿಂದ ಒತ್ತಿ ಹುಡುಕಿ. ಹುಡುಕುವುದೆಲ್ಲ ಈಗಲೇ ಮುಗಿಯಬೇಕು, ಆಮೇಲೆ ಮುಟ್ಟುವಂತಿಲ್ಲ. ಜಾಗ ಗೊತ್ತಾದ ಮೇಲೆ ಟೂರ್ನಿಕೆಟ್ ಸಡಿಲಿಸಿ. ಚರ್ಮದ ಮೇಲೆ ಕೊಳೆ ಕಾಣುತ್ತಿದ್ದರೆ ಸೋಪು ನೀರಿನಲ್ಲಿ ತೊಳೆದು ಒರೆಸಿ, ಯಾಕಂದ್ರೆ ಕೊಳೆಯ ಮೇಲೆ ಸ್ಪಿರಿಟ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಕಾಣುವ ರಬ್ಬರ್ ಸ್ಟೆರೈಲ್ (ಕ್ರಿಮಿಯಿಲ್ಲದ್ದು) ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಅದನ್ನೂ 70% ಆಲ್ಕೋಹಾಲ್ ಸ್ವಾಬಿನಿಂದ ಒರೆಸಿ, ಒಣಗಲು ಬಿಡಿ.

ಈಗ ಚರ್ಮ. 70% ಆಲ್ಕೋಹಾಲ್‌ನಲ್ಲಿ 2% ಕ್ಲೋರ್‌ಹೆಕ್ಸಿಡೀನ್ ಎಂಬ ಕ್ರಿಮಿನಾಶಕ ಇರುವ ಸ್ವಾಬ್ ಒಳ್ಳೆಯದು. ಸುಮ್ನೆ ಸವರಿದರೆ ಸಾಲದು. ಹಿಂದಕ್ಕೂ ಮುಂದಕ್ಕೂ, ಸ್ವಲ್ಪ ಒತ್ತಿ, 30 ಸೆಕೆಂಡು ಉಜ್ಜಿ. ಆಮೇಲೆ ಇನ್ನೂ 30 ಸೆಕೆಂಡು ಹಾಗೇ ಬಿಡಿ, ತಾನಾಗಿ ಒಣಗಲಿ. ಹೆಚ್ಚಿನವರು ಎಡವುವುದು ಇಲ್ಲೇ. ಊದುತ್ತಾರೆ, ಕೈಯಿಂದ ಗಾಳಿ ಬೀಸುತ್ತಾರೆ, ಗಾಜ್ ತುಂಡಿನಿಂದ ಒತ್ತಿ ಒಣಗಿಸುತ್ತಾರೆ. ಬಾಯಲ್ಲಿ ಊದಿದರೆ ಬಾಯಿಯ ಬ್ಯಾಕ್ಟೀರಿಯಾ ಬಂದು ಕೂರುತ್ತದೆ, ಅಷ್ಟು ಹೊತ್ತು ಉಜ್ಜಿದ್ದು ದಂಡ. ಚರ್ಮದ ಮೇಲಿನ ಹಸಿ ಹೊಳಪು ಪೂರ್ತಿ ಹೋಗುವವರೆಗೂ ಔಷಧಿ ಕೆಲಸ ಮಾಡುತ್ತಲೇ ಇರುತ್ತದೆ. ಕ್ಲೋರ್‌ಹೆಕ್ಸಿಡೀನ್ ಅಲರ್ಜಿ ಇದ್ದವರಿಗೆ ಪೊವಿಡೋನ್ ಅಯೋಡಿನ್ ಬಳಸಬಹುದು, ಆದರೆ ಅದಕ್ಕೆ ಎರಡು ನಿಮಿಷದಷ್ಟು ಕಾಯಬೇಕು. ಎರಡು ತಿಂಗಳೊಳಗಿನ ಕೂಸುಗಳ ಚರ್ಮ ತೀರಾ ಮೃದು, ಅವಧಿಗೆ ಮುನ್ನ ಹುಟ್ಟಿದವರದ್ದಂತೂ ಕ್ಲೋರ್‌ಹೆಕ್ಸಿಡೀನ್ ಸ್ಪಿರಿಟ್‌ಗೆ ಸುಟ್ಟುಹೋಗಬಹುದು. ಹಾಗಾಗಿ ಅವರಿಗೆ ಏನು ಹಚ್ಚಬೇಕು ಅಂತ ಮಕ್ಕಳ ವಾರ್ಡಿನ ನಿಯಮ ಕೇಳಿಯೇ ಮುಂದುವರಿಯಿರಿ. ಇನ್ನು ಡಬ್ಬಿಯಲ್ಲಿ ಮೊದಲೇ ಸ್ಪಿರಿಟ್ ಸುರಿದು ನೆನೆಸಿಟ್ಟ ಹತ್ತಿ ಮಾತ್ರ ಬೇಡವೇ ಬೇಡ, ಎಲ್ಲರ ಕೈ ಹೋಗಿ ಬಂದು ಅದರಲ್ಲೇ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ.

ಚರ್ಮ ಒಣಗಿತು, ಟೂರ್ನಿಕೆಟ್ ಮತ್ತೆ ಬಿಗಿಯಿತು, ಗ್ಲೌಸ್ ಹಾಕಿದ್ದಾಯಿತು, ಸೂಜಿ ಕೈಗೆ ಬಂತು. ಆಗ ಬೆರಳು ತಾನಾಗಿ ನರದ ಮೇಲೆ ಹೋಗುತ್ತದೆ, ಇನ್ನೊಮ್ಮೆ ನೋಡಿಬಿಡೋಣ ಅಂತ. ಅಲ್ಲಿಗೆ ಎಲ್ಲ ಮತ್ತೆ ಮೊದಲಿನಿಂದ. ಮುಟ್ಟಲೇಬೇಕು ಅನ್ನಿಸಿದರೆ ಸ್ಟೆರೈಲ್ ಗ್ಲೌಸೇ ಇರಲಿ, ಸಾಧಾರಣ ಗ್ಲೌಸ್ ಸಾಲದು.

ಎಷ್ಟೇ ಉಜ್ಜಿದರೂ ಕೂದಲಿನ ಬುಡದಲ್ಲಿ, ಎಣ್ಣೆಯ ಗ್ರಂಥಿಗಳಲ್ಲಿ ಕೆಲವು ಬ್ಯಾಕ್ಟೀರಿಯಾ ಉಳಿದೇ ಉಳಿಯುತ್ತವೆ. ಅದಕ್ಕೇ ಕೆಲವು ಆಸ್ಪತ್ರೆಗಳಲ್ಲಿ ಮೊದಲು ಬರುವ 1-2 ಮಿ.ಲೀ. ರಕ್ತವನ್ನು ಬೇರೆ ಕಡೆ ತಿರುಗಿಸಿ, ನಂತರದ್ದನ್ನು ಮಾತ್ರ ಬಾಟಲಿಗೆ ಬಿಡುತ್ತಾರೆ. ಒಳ್ಳೆಯ ಉಪಾಯ. ಮೊದಲೇ ಹಾಕಿರುವ ಡ್ರಿಪ್ ಲೈನಿನಿಂದ ರಕ್ತ ಎಳೆಯುವುದು ಸುಲಭ ನಿಜ, ಆದರೆ ಕಂಟ್ಯಾಮಿನೇಷನ್ ಜಾಸ್ತಿ. ಲೈನಿಗೇ ಸೋಂಕು ತಗುಲಿದೆಯೇ ಅಂತ ನೋಡಬೇಕಿದ್ದರೆ ಮಾತ್ರ ಅಲ್ಲಿಂದ ತೆಗೆಯಿರಿ.

ದೊಡ್ಡವರಿಗೆ ಬಾಟಲಿಗೆ 8-10 ಮಿ.ಲೀ. ರಕ್ತ ಬೇಕು. ಕನಿಷ್ಠ ಎರಡು ಸೆಟ್ (ಒಂದು ಸೆಟ್ ಅಂದ್ರೆ ಸಾಮಾನ್ಯವಾಗಿ ಎರಡು ಬಾಟಲಿ) ತೆಗೆಯಿರಿ, ಒಂದೊಂದೂ ಬೇರೆ ಜಾಗದಿಂದ, ಆದಷ್ಟು ಆ್ಯಂಟಿಬಯೋಟಿಕ್ ಕೊಡುವ ಮುಂಚೆ. ಒಂದೇ ಸೆಟ್ಟಿನಲ್ಲಿ ಚರ್ಮದ ಬ್ಯಾಕ್ಟೀರಿಯಾ ಬೆಳೆದು ಇನ್ನೊಂದು ಖಾಲಿ ಇದ್ದರೆ ಇದು ಕಂಟ್ಯಾಮಿನೇಷನ್ ಇರಬಹುದು ಅಂತ ಲ್ಯಾಬಿನವರಿಗೆ ಅನುಮಾನ ಬರುತ್ತದೆ. ಒಂದೇ ಸೆಟ್ ಕಳಿಸಿದ್ದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಯಾವ ಕೈ, ಎಷ್ಟು ಗಂಟೆ ಅಂತ ಲೇಬಲ್ ಮೇಲೆ ಬರೆದು ಬೇಗ ಲ್ಯಾಬಿಗೆ ಕಳಿಸಿ. ತಡವಾಗುತ್ತದೆ ಅಂತ ಬಾಟಲಿಯನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ.