ಬೆಕ್ಕಿನ ಮರಿಯ ಹೊಟ್ಟೆಯಲ್ಲಿ ಉಬ್ಬು ಕಂಡಾಗ ನಾನು ನೋಡುವ ಕ್ರಮ

ತಾಯಿಯನ್ನು ಕಳೆದುಕೊಂಡ ಬೆಕ್ಕಿನ ಮರಿಗಳನ್ನು ಸಾಕಿ ದತ್ತು ಕೊಡುವ ಕೆಲಸವನ್ನು ಶಿವಮೊಗ್ಗದ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ನಾನು ಪಶುವೈದ್ಯೆಯಲ್ಲ. ಆದರೆ ಮರಿ ಮನೆಗೆ ಬಂದ ಕೂಡಲೇ ಅದರ ಹೊಟ್ಟೆ ಸವರಿ ನೋಡುವವಳು ನಾನೇ ಆದ್ದರಿಂದ, ಅಲ್ಲಿ ಕೈಗೆ ಸಿಗುವ ಉಬ್ಬು ಎಂಥದ್ದು, ಕಾದು ನೋಡಬಹುದೇ ಅಥವಾ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕೇ ಎಂದು ತೀರ್ಮಾನಿಸುವ ಕ್ರಮವೊಂದನ್ನು ವೈದ್ಯರನ್ನು ಕೇಳಿ ಕೇಳಿ ರೂಢಿಸಿಕೊಂಡಿದ್ದೇನೆ.

ಹಾಲು ಕುಡಿದ ತಕ್ಷಣ ನಾನು ಹೊಟ್ಟೆ ಮುಟ್ಟುವುದಿಲ್ಲ. ಆಗ ಎಲ್ಲ ಮರಿಗಳ ಹೊಟ್ಟೆಯೂ ಬಿಗಿದಿರುತ್ತದೆ. ಸ್ವಲ್ಪ ಹೊತ್ತಿನ ನಂತರ ಕೈ ಬೆಚ್ಚಗೆ ಮಾಡಿಕೊಂಡು, ಒಂದು ಕೈಯಿಂದ ಎದೆಯನ್ನು ಆಧರಿಸಿ, ಹಿಂಗಾಲುಗಳನ್ನು ತೊಡೆಯ ಮೇಲೆ ಊರಿಸಿ ಮರಿಯನ್ನು ನೆಟ್ಟಗೆ ಹಿಡಿದರೆ ಹೊಟ್ಟೆಯ ನಡುಗೆರೆ ಪೂರ್ತಿ ಕಾಣಿಸುತ್ತದೆ. ಉಬ್ಬು ಎಲ್ಲಿದೆ, ಒತ್ತಿದರೆ ಒಳಗೆ ಹೋಗುತ್ತದೆಯೇ, ಮುಟ್ಟಿದರೆ ಬಿಸಿಯಾಗಿದೆಯೇ ಅಥವಾ ಮರಿ ನೋವಿನಿಂದ ಕಿರುಚುತ್ತದೆಯೇ ಎಂಬ ಮೂರು ವಿಷಯಗಳನ್ನು ಇದೇ ಕ್ರಮದಲ್ಲಿ ಗಮನಿಸುತ್ತೇನೆ.

ನನ್ನ ಕೈಗೆ ಹೆಚ್ಚಾಗಿ ಸಿಕ್ಕಿರುವುದು ಹೊಕ್ಕುಳಿನ ಹರ್ನಿಯಾ. ಮರಿ ಗರ್ಭದಲ್ಲಿರುವಾಗ ಹೊಕ್ಕುಳಬಳ್ಳಿಯ ರಕ್ತನಾಳಗಳು ಹೊಟ್ಟೆಯ ಗೋಡೆಯಲ್ಲಿರುವ ಒಂದು ಸಣ್ಣ ಕಿಂಡಿಯ ಮೂಲಕ ಹಾದುಹೋಗುತ್ತವೆ. ಹುಟ್ಟಿದ 3ರಿಂದ 5 ದಿನಗಳಲ್ಲಿ ಬಳ್ಳಿ ಒಣಗಿ ಬೀಳುತ್ತದೆ, ಕಿಂಡಿಯೂ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚದೆ ಉಳಿದರೆ ಒಳಗಿನ ಕೊಬ್ಬು ಚರ್ಮದಡಿಗೆ ನುಸುಳಿ ಉಬ್ಬಾಗಿ ಕಾಣುತ್ತದೆ. ನಾನು ಸಾಕಿದ ಬೂದುಬಣ್ಣದ ಮರಿಯೊಂದಕ್ಕೆ ಕಡಲೆಕಾಳಿನಷ್ಟು ಉಬ್ಬಿತ್ತು. ಹಸಿವಿನಿಂದ ಅರಚುವಾಗ ಅದು ಎದ್ದು ನಿಲ್ಲುತ್ತಿತ್ತು, ಅಂಗಾತ ಮಲಗಿ ನಿದ್ದೆಹೋದಾಗ ಇದೆಯೋ ಇಲ್ಲವೋ ಎಂಬಂತೆ ತಗ್ಗುತ್ತಿತ್ತು. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಕೊಬ್ಬು ಒಳಸರಿದು, ಅದರ ಜಾಗದಲ್ಲಿ ಕಿಂಡಿಯ ದುಂಡನೆಯ ಅಂಚು ಬೆರಳಿಗೆ ತಗಲುತ್ತಿತ್ತು. ಈ ಅಂಚು ಸಿಕ್ಕಿತೆಂದರೆ ಅರ್ಧ ಅನುಮಾನ ಪರಿಹಾರವಾದಂತೆಯೇ.

ಉಬ್ಬು ದೊಡ್ಡದಾದಷ್ಟೂ ಅಪಾಯ ಹೆಚ್ಚೆಂದು ನೋಡಿದವರೆಲ್ಲ ಭಾವಿಸುತ್ತಾರೆ, ಆದರೆ ಗಮನಿಸಬೇಕಾದದ್ದು ಕಿಂಡಿಯ ಅಗಲವನ್ನು. ತೀರಾ ಸಣ್ಣ ಕಿಂಡಿಯಲ್ಲಿ ಕೊಬ್ಬಿನ ಹೊರತು ಬೇರೇನೂ ನುಸುಳಲಾರದು. ಬಹಳ ಅಗಲವಾಗಿದ್ದರೆ ಕರುಳು ಹೊರಬಂದರೂ ಸಲೀಸಾಗಿ ಹಿಂದೆ ಸರಿಯುತ್ತದೆ. ಕರುಳಿನ ಒಂದು ಮಡಿಕೆ ಹೊರಗೆ ಬರುವಷ್ಟಿದ್ದು, ಬಂದದ್ದು ಮರಳಲಾರದಷ್ಟು ಬಿಗಿಯಾಗಿರುವ ನಡುವಿನ ಅಳತೆಯದ್ದೇ ಕಷ್ಟ. ಆದ್ದರಿಂದ ವಾರಕ್ಕೊಮ್ಮೆ ಕಿಂಡಿಯ ಅಗಲವನ್ನು ಅಂದಾಜು ಮಿಲಿಮೀಟರಿನಲ್ಲಿ ಬರೆದಿಡುತ್ತೇನೆ; ಜೊತೆಗೆ ಅಡುಗೆಮನೆಯ ತಕ್ಕಡಿಯಲ್ಲಿ ಮರಿಯನ್ನು ದಿನವೂ ತೂಗುತ್ತೇನೆ. ಆರೋಗ್ಯವಂತ ಎಳೆಮರಿ ದಿನಕ್ಕೆ ಸುಮಾರು 10ರಿಂದ 15 ಗ್ರಾಂ ತೂಕ ಪಡೆಯುತ್ತದೆ. ತೂಕ ಹೀಗೆ ಏರುತ್ತಿದ್ದು, ಉಬ್ಬು ಮೆತ್ತಗಿದ್ದರೆ ಕಾಯಬಹುದು. ಸಣ್ಣ ಕಿಂಡಿಗಳು ಮರಿಗೆ ಕೆಲವು ತಿಂಗಳಾಗುವಷ್ಟರಲ್ಲಿ ತಾವಾಗಿ ಮುಚ್ಚುವುದುಂಟು. ಮುಚ್ಚದವನ್ನು ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನ ಅದೇ ಅರಿವಳಿಕೆಯಲ್ಲಿ ಹೊಲಿದುಬಿಡುತ್ತಾರೆ. ಕೆಲವೊಮ್ಮೆ ಕಿಂಡಿ ಮುಚ್ಚಿಯೂ ಚೂರು ಕೊಬ್ಬು ಹೊರಗೇ ಸಿಕ್ಕಿಕೊಂಡು, ಒತ್ತಿದರೆ ಒಳಹೋಗದ, ಆದರೆ ನೋವೂ ಬಿಸಿಯೂ ಇಲ್ಲದ ಗಂಟಾಗಿ ಉಳಿಯುತ್ತದೆ. ಅದನ್ನು ವೈದ್ಯರು ಒಮ್ಮೆ ನೋಡಿದರೆ ಸಾಕು, ಗಾಬರಿ ಬೇಡ.

ಎಳೆಗೂಸುಗಳಿಗೆ ಮಾಡುವಂತೆ ಹೊಕ್ಕುಳಿನ ಮೇಲೆ ನಾಣ್ಯವಿಟ್ಟು ಬಟ್ಟೆ ಕಟ್ಟಲು ಹೇಳುವ ಹಿರಿಯರು ನಮ್ಮ ಬೀದಿಯಲ್ಲೂ ಇದ್ದಾರೆ. ನಾನು ಕಟ್ಟುವುದಿಲ್ಲ. ಅದರಿಂದ ಕಿಂಡಿ ಮುಚ್ಚುವುದಿಲ್ಲ. ಬಿಗಿದ ಪಟ್ಟಿ ಎಳೆಚರ್ಮವನ್ನು ಕೆರೆದು ಹುಣ್ಣು ಮಾಡುತ್ತದೆ, ಉಸಿರಾಟಕ್ಕೂ ತೊಡಕಾಗುತ್ತದೆ.

ಉಬ್ಬು ಹೊಕ್ಕುಳಿಗಿಂತ ಮೇಲೆ, ಎದೆಗೂಡಿನ ಕಡೆಗಿದ್ದರೆ ಮಾತ್ರ ನಾನು ಕಾಯುವುದಿಲ್ಲ. ಅಲ್ಲಿ ಗೋಡೆ ಕೂಡಿಕೊಳ್ಳದ ಮರಿಗಳಲ್ಲಿ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯಲ್ಲೂ ಹುಟ್ಟಿನಿಂದಲೇ ತೂತಿದ್ದು, ಹೊಟ್ಟೆಯೊಳಗಿನ ಅಂಗಗಳು ಹೃದಯದ ಸುತ್ತಲಿನ ಚೀಲದೊಳಗೆ ಸೇರಿಕೊಂಡಿರುವ ಸಾಧ್ಯತೆ ಇರುತ್ತದೆ. ವೈದ್ಯರು ಎದೆಯ ಸದ್ದು ಕೇಳಿ ಎಕ್ಸ್‌ರೇ ತೆಗೆಸುವುದು ಇದಕ್ಕಾಗಿಯೇ. ಆದರೆ ಅದೇ ಜಾಗದಲ್ಲಿ, ಪಕ್ಕೆಲುಬುಗಳು ಕೂಡುವಲ್ಲಿ, ಗಟ್ಟಿಯಾದ ಚೂಪು ತುದಿ ಸಿಕ್ಕರೆ ಅದು ಎದೆಮೂಳೆಯ ಕೊನೆಯ ಮೃದ್ವಸ್ಥಿ. ಕೆಲವು ಮರಿಗಳಲ್ಲಿ ಅದು ಹೊರಕ್ಕೆ ಬಾಗಿರುತ್ತದೆ, ಯಾವ ತೊಂದರೆಯೂ ಇಲ್ಲ. ಮೊಲೆತೊಟ್ಟುಗಳನ್ನು ರಕ್ತ ಹೀರುವ ಉಣ್ಣಿಯೆಂದು ತಿಳಿದು ಕೀಳಲು ಹೊರಟವರನ್ನೂ ತಡೆದಿದ್ದೇನೆ, ಗಂಡುಮರಿಗೂ ತೊಟ್ಟುಗಳಿರುತ್ತವೆ.

ಹೊಕ್ಕುಳ ಬಾವಿನ ಲಕ್ಷಣವೇ ಬೇರೆ. ಬಳ್ಳಿ ಬಿದ್ದ ಜಾಗ ಕೆಂಪೇರಿ, ಬಿಸಿಯಾಗಿ, ಗಟ್ಟಿಯಾಗಿರುತ್ತದೆ. ಹತ್ತಿರ ಹಿಡಿದರೆ ಕೀವಿನ ವಾಸನೆ ಬರುತ್ತದೆ, ಮರಿ ಹಾಲು ಬಿಟ್ಟು ಸೊರಗುತ್ತದೆ. ಇದನ್ನು ಹಿಂಡಬಾರದು. ಸೋಂಕು ರಕ್ತಕ್ಕೆ ಏರಿದರೆ ಎಳೆಮರಿ ಬಹುಬೇಗ ಸಾಯುತ್ತದೆ, ಆದ್ದರಿಂದ ಆ್ಯಂಟಿಬಯಾಟಿಕ್ ತಡವಾಗಬಾರದು. ಮಲೆನಾಡಿನ ಮಳೆಗಾಲದಲ್ಲಿ ಹಸಿ ಹೊಕ್ಕುಳಿನ ಮೇಲೆ ನೊಣ ಮೊಟ್ಟೆಯಿಟ್ಟು ಹುಳುವಾಗುವ ಭಯವೂ ಇರುವುದರಿಂದ ಬುಟ್ಟಿಗೆ ಸೊಳ್ಳೆಪರದೆ ಹೊದಿಸುತ್ತೇನೆ. ಹೊಕ್ಕುಳು ಒರೆಸಲು ತೆಳುಮಾಡಿದ ಪೊವಿಡೋನ್ ಅಯೋಡಿನ್ ಬಳಸುತ್ತೇನೆ. ಫೀನಾಲ್ ವರ್ಗದ ಸೋಂಕುನಿವಾರಕಗಳು ಬೆಕ್ಕಿಗೆ ವಿಷ.

ಇಡೀ ಹೊಟ್ಟೆಯೇ ಉಬ್ಬಿ, ಬೆನ್ನುಮೂಳೆ ಮಾತ್ರ ಕೈಗೆ ಒತ್ತುತ್ತಿದ್ದರೆ ಮೊದಲ ಅನುಮಾನ ದುಂಡುಹುಳುವಿನ ಮೇಲೆ. ಅದು ತಾಯಿಯ ಹಾಲಿನ ಮೂಲಕವೇ ಬರುವುದರಿಂದ, ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದ ಜಂತುಔಷಧವನ್ನು ಮೂರನೆಯ ವಾರದಿಂದಲೇ ಎರಡು ವಾರಕ್ಕೊಮ್ಮೆ ಕೊಡುತ್ತೇನೆ. ಕೆಳಹೊಟ್ಟೆಯಲ್ಲಿ ದುಂಡನೆಯ, ಬಿಗಿಯಾದ ಗಡ್ಡೆ ಸಿಕ್ಕರೆ ಅದು ತುಂಬಿದ ಮೂತ್ರಕೋಶವಾಗಿರಬಹುದು. ಸುಮಾರು ಮೂರು ವಾರದವರೆಗಿನ ಮರಿ ತಾನಾಗಿ ಮೂತ್ರ ಮಾಡಲಾರದು. ಒದ್ದೆ ಹತ್ತಿಯಿಂದ ಒರೆಸಿ ಮಾಡಿಸಿದ ಮೇಲೆ ಗಡ್ಡೆ ಕರಗಿದರೆ ಸರಿ, ಹನಿಯೂ ಬಾರದಿದ್ದರೆ ವೈದ್ಯರಲ್ಲಿಗೆ.

ನಿನ್ನೆಯವರೆಗೆ ಒಳಹೋಗುತ್ತಿದ್ದ ಉಬ್ಬು ಇಂದು ಗಟ್ಟಿಯಾಗಿ, ಬಿಸಿಯೇರಿ, ನೇರಳೆ ಬಣ್ಣಕ್ಕೆ ತಿರುಗಿ, ಮರಿ ವಾಂತಿ ಮಾಡತೊಡಗಿದರೆ ಕರುಳು ಸಿಕ್ಕಿಕೊಂಡಿದೆಯೆಂದೇ ತಿಳಿದು ಹೊರಡುತ್ತೇನೆ, ರಾತ್ರಿಯಾದರೂ ಸರಿಯೇ. ಒತ್ತಿ ಒಳತಳ್ಳುವ ಪ್ರಯತ್ನ ಬೇಡ, ಹಾಲು ಬೇಡ, ದಾರಿಯುದ್ದಕ್ಕೂ ಮರಿ ಬೆಚ್ಚಗಿರಬೇಕು. ನೋವಿಗೆಂದು ಪ್ಯಾರಾಸಿಟಮಾಲ್ ಅಂತೂ ಕೂಡದು; ಒಂದು ಮಾತ್ರೆ ದೊಡ್ಡ ಬೆಕ್ಕನ್ನೇ ಕೊಲ್ಲಬಲ್ಲದು.

ದತ್ತು ಪಡೆಯುವವರಿಗೆ ಉಬ್ಬಿನ ವಿಷಯವನ್ನು ಮುಚ್ಚಿಡದೆ, ಅಳತೆ ಬರೆದ ಹಾಳೆಯನ್ನೂ ಕೊಡುತ್ತೇನೆ. ಈ ದೋಷ ಅನೇಕ ವೇಳೆ ವಂಶದಲ್ಲೇ ಹರಿದುಬರುವುದರಿಂದ ಆ ಮರಿಗಳಿಂದ ಸಂತಾನ ಪಡೆಯಬಾರದೆಂದು ಹೇಳುತ್ತೇನೆ, ತಾಯಿಬೆಕ್ಕು ಬೀದಿಯಲ್ಲಿ ಸಿಕ್ಕರೆ ಅದಕ್ಕೂ ಶಸ್ತ್ರಚಿಕಿತ್ಸೆ ಮಾಡಿಸುತ್ತೇನೆ.