ಬಿಲ್ಲಿಗೆ ಮರ ಬೇಕೆ? ಮೊದಲು ಊರಿನ ಅಡ್ಡೆ ನೋಡಿ

ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ, ಒಲೆಯ ನೇರಕ್ಕೆ, ಮಸಿ ಹಿಡಿದ ಒಂದು ಬಿಲ್ಲು ಇತ್ತು. ಹೆದೆ ಯಾವಾಗಲೋ ಕೊಳೆತು ಹೋಗಿತ್ತು. ಕೋಲು ಮಾತ್ರ ಬಗ್ಗಿಸಿದರೆ ಬಗ್ಗುತ್ತಿತ್ತು, ಬಿಟ್ಟರೆ ನೆಟ್ಟಗಾಗುತ್ತಿತ್ತು. ಅದನ್ನು ನೋಡಿಯೇ ನನಗೆ ಬಿಲ್ಲಿನ ಹುಚ್ಚು ಹತ್ತಿದ್ದು. ಈಗ ನನ್ನ ಹತ್ತಿರ ಬರುವವರು ಕೇಳುವುದು ಒಂದೇ, ‘ಯಾವ ಮರ ತರಬೇಕು?’ ನಿಜ ಹೇಳಬೇಕೆಂದರೆ ಮರದ ಹೆಸರಿಗಿಂತ ಕೈಗೆ ಸಿಕ್ಕ ತುಂಡು ಹೇಗಿದೆ ಎನ್ನುವುದು ಮುಖ್ಯ. ಒಂದೇ ಮೆಳೆಯ ಎರಡು ಬಿದಿರಿನಲ್ಲಿ ಒಂದು ಬಿಲ್ಲಾಗುತ್ತದೆ, ಇನ್ನೊಂದು ಬೇಲಿಗೆ ಹೋಗುತ್ತದೆ.

ಇಂಥ ಬಿಲ್ಲನ್ನು ಬೇಟೆ ಬಿಲ್ಲು ಎಂದು ಕರೆದರೂ ಅದರಿಂದ ಬೇಟೆ ಆಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಮೊಲ ಹೊಡೆದರೂ ಅಪರಾಧವೇ. ಗುರಿಗೆ ಹುಲ್ಲು ಒತ್ತಿ ತುಂಬಿದ ಗೋಣಿಚೀಲ ಸಾಕು. ಮರಕ್ಕಾಗಿ ಕತ್ತಿ ಹಿಡಿದು ಕಾಡಿಗೂ ನುಗ್ಗಬೇಡಿ. ನಿಮ್ಮ ತೋಟದ ಅಂಚು, ಬೇಲಿ ಸಾಲು, ಗಾಳಿಗೆ ಬಿದ್ದ ಕೊಂಬೆ, ಮೇದರ ಕೇರಿ, ಸಾಮಿಲ್ಲು, ಇಷ್ಟರಲ್ಲೇ ಬೇಕಾದ್ದು ಸಿಗುತ್ತದೆ. 2017ರ ತಿದ್ದುಪಡಿಯಲ್ಲಿ ಕೇಂದ್ರದ ಅರಣ್ಯ ಕಾಯ್ದೆಯು ಬಿದಿರನ್ನು ಮರದ ಪಟ್ಟಿಯಿಂದಲೇ ಕೈಬಿಟ್ಟಿದೆ. ಆದರೂ ಬೇರೆ ಮರ ಕಡಿಯುವುದಿದ್ದರೆ, ಸಾಗಿಸುವುದಿದ್ದರೆ ಹತ್ತಿರದ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಹಿರಿಯರನ್ನು ಕೇಳುವುದು

‘ಬಿಲ್ಲಿನ ಮರ ಯಾವುದು?’ ಎಂದರೆ ಈಗ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದರ ಬದಲು ‘ಅಡ್ಡೆಗೆ ಯಾವ ಮರ ಹಾಕ್ತಿದ್ರಿ? ಕೊಡಲಿ ಕಾವಿಗೆ ಯಾವುದು?’ ಎಂದು ಕೇಳಿ ನೋಡಿ. ಎರಡೂ ತುದಿಗೆ ಹೊರೆ ಕಟ್ಟಿ ಹೆಗಲ ಮೇಲೆ ಇಟ್ಟುಕೊಳ್ಳುವ ಆ ಅಡ್ಡೆ ಹೆಜ್ಜೆ ಹೆಜ್ಜೆಗೂ ಬಗ್ಗಿ ಏಳಬೇಕು, ಮುರಿಯಬಾರದು. ಬಿಲ್ಲು ಮಾಡುವ ಕೆಲಸವೂ ಅದೇ ಅಲ್ವಾ?

ಮಲೆನಾಡಿನ ಕಡೆ ಈ ಪ್ರಶ್ನೆಗೆ ಬರುವ ಒಂದು ಒಳ್ಳೆಯ ಉತ್ತರ ದಡಸಲು. ಕೆಲವು ಊರಲ್ಲಿ ತಡಸಲು ಅನ್ನುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಧನ್ವನ ಎಂದೇ ಹೆಸರು. ಧನುಸ್ಸಿನ ಗುರುತು ಆ ಹೆಸರಲ್ಲೇ ಇದೆ. ಹಿಂದೆ ಗಾಡಿಯ ಮೂಕಿಗೂ, ಅಡ್ಡೆಗೂ ಇದನ್ನು ಬಳಸುತ್ತಿದ್ದರು. ಬೈನೆ ಮರವೂ ಆಗುತ್ತದೆ. ಆದರೆ ಅದರಲ್ಲಿ ಗಟ್ಟಿ ಇರುವುದು ಹೊರಗಿನ ಕಪ್ಪು ನಾರಿನ ಪದರ ಮಾತ್ರ, ಒಳಗೆಲ್ಲ ಮೆತ್ತಗಿನ ತಿರುಳು. ಅಡಿಕೆ ದಬ್ಬೆಯದೂ ಇದೇ ಕತೆ. ಮಕ್ಕಳ ಬಿಲ್ಲಿಗೆ ಹಳೆಯ ಅಡಿಕೆ ಮರದ ಬುಡದ ದಬ್ಬೆ ಚೆನ್ನಾಗಿರುತ್ತದೆ. ಬಯಲುಸೀಮೆಯವರಿಗೆ ಹುಣಸೆ, ಜಾಲಿ ಇದೆ. ಕಾವಿಗೆ ಇವು ಒಳ್ಳೆಯವೇ, ಆದರೆ ಒಳಗಿನ ನಾರಿನ ಎಳೆ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ, ನೆಟ್ಟಗೆ ಸೀಳುವುದು ಕಷ್ಟ. ಸರ್ವೆ ಗಳ ನೋಡಲು ನೆಟ್ಟಗಿರುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ.

ಬಿದಿರು ಆರಿಸುವುದು

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಬಿದಿರು. ‘ಇಂಡಿಯನ್ ರೌಂಡ್’ ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ಇಂದಿಗೂ ಬಿದಿರಿನ ಬಿಲ್ಲು ಬಳಸುತ್ತಾರೆ. ಕಿರುಬಿದಿರು, ಅಂದರೆ ಗಂಡು ಬಿದಿರು ಸಿಕ್ಕರೆ ಬಹಳ ಒಳ್ಳೆಯದು. ಒಳಗೆ ಹೆಚ್ಚೂಕಡಿಮೆ ತುಂಬಿಕೊಂಡೇ ಇರುತ್ತದೆ. ಹೆಬ್ಬಿದಿರಾದರೆ ಬುಡದ ಕಡೆಯ ದಪ್ಪ ಗೋಡೆಯ ಭಾಗ ತೆಗೆದುಕೊಳ್ಳಿ.

ವಯಸ್ಸು ಕನಿಷ್ಠ ಮೂರು ವರ್ಷ ಆಗಿರಬೇಕು. ಎಳೆಯದು ಒಣಗಿದಾಗ ಸುಕ್ಕಾಗುತ್ತದೆ, ಬಗ್ಗಿಸಿದರೆ ಬಗ್ಗಿದ ಹಾಗೇ ಉಳಿಯುತ್ತದೆ. ಎಳೆಯ ಗಳದ ಮೈಮೇಲೆ ಬಿಳಿ ಬೂದಿ ಇರುತ್ತದೆ, ಬುಡದಲ್ಲಿ ಹಾಳೆ ಅಂಟಿಕೊಂಡಿರುತ್ತದೆ. ಬಲಿತದ್ದರಲ್ಲಿ ಇವೆರಡೂ ಹೋಗಿ ಕಲೆ ಕಲೆಯಾಗಿ ಪಾಚಿ ಕೂತಿರುತ್ತದೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಠಣ್ ಅನ್ನುತ್ತದೆ. ಸ್ವಂತ ಮೆಳೆ ಇದ್ದವರಿಗೆ ಇನ್ನೂ ಸುಲಭದ ದಾರಿ ಇದೆ. ಪ್ರತಿ ಮಳೆಗಾಲ ಕಳಲೆ ಎದ್ದು ಗಳವಾದ ಮೇಲೆ ಅದರ ಬುಡಕ್ಕೆ ಆ ವರ್ಷದ ಬಣ್ಣ ಹಚ್ಚಿ. ಮುಂದೆ ಲೆಕ್ಕ ತಪ್ಪುವುದೇ ಇಲ್ಲ.

ಮಳೆ ಪೂರ್ತಿ ನಿಂತು ಚಳಿ ಬಿದ್ದ ಮೇಲೆ ಕಡಿಯಿರಿ. ಅಮಾವಾಸ್ಯೆ ಕಡೆಗೆ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಕುಟ್ಟೆ ಹುಳ ಬರುವುದು ಬಿದಿರಿನೊಳಗಿನ ಪಿಷ್ಟ ತಿನ್ನಲು. ಹಾಗಾಗಿ ಕಡಿದ ಗಳವನ್ನು ಎರಡು ಮೂರು ವಾರ ಕೆರೆಯಲ್ಲೋ ಹಳ್ಳದಲ್ಲೋ ಮುಳುಗಿಸಿಡಿ. ಪಿಷ್ಟ ನೀರಿಗೆ ಬಿಟ್ಟುಕೊಳ್ಳುತ್ತದೆ. ವಾಸನೆ ಬರುತ್ತದೆ, ಹೆದರಬೇಡಿ.

ಗಿಣ್ಣುಗಳನ್ನೂ ನೋಡಿ. ಬಿಲ್ಲಿನ ನಡುವಿನ ಹಿಡಿಯಿಂದ ಎರಡೂ ಕಡೆಗೆ ಗಿಣ್ಣು ಒಂದೇ ದೂರಕ್ಕೆ ಬಂದರೆ ಬಿಲ್ಲಿನ ಎರಡು ತೋಳೂ ಒಂದೇ ಸಮ ಬಗ್ಗುತ್ತವೆ. ನನ್ನ ಮೊದಲ ಬಿದಿರಿನ ಬಿಲ್ಲಿನಲ್ಲಿ ಗಿಣ್ಣಿನ ಉಬ್ಬು ಚೆಂದ ಕಾಣಲಿಲ್ಲ ಎಂದು ಹೊರಗಿನಿಂದ ಅರ ಹಾಕಿ ಸಮ ಮಾಡಿದ್ದೆ. ಹತ್ತನೆಯ ಬಾಣಕ್ಕೆ ಅದೇ ಗಿಣ್ಣಿನಲ್ಲಿ ಸಿಗಿದು ಹೋಯಿತು. ತುಂಡನ್ನು ನೋಡಿದ ಒಬ್ಬ ಮೇದರ ಅಜ್ಜ ಆ ಜಾಗಕ್ಕೆ ಉಗುರು ಇಟ್ಟು ತೋರಿಸಿದರು. ಉದ್ದಕ್ಕೆ ಬಂದ ನಾರೆಲ್ಲ ಅಲ್ಲಿ ಅಡ್ಡಕ್ಕೆ ಕತ್ತರಿಸಿತ್ತು. ‘ಹೊರಮೈ ಮುಟ್ಬಾರ್ದು ತಮ್ಮಾ, ಏನಿದ್ರೂ ಒಳಗಿಂದ ತೆಗಿ’ ಎಂದರು. ಗುರಿಯ ಕಡೆ ಇರುವ ಬಿಲ್ಲಿನ ಹೊರಮೈ ಎಳೆತ ತಡೆಯುತ್ತದೆ, ನಮ್ಮ ಕಡೆ ಇರುವ ಒಳಮೈ ಒತ್ತಡ ತಡೆಯುತ್ತದೆ. ಬಿದಿರಿನ ಗಟ್ಟಿ ನಾರೆಲ್ಲ ಸಿಪ್ಪೆಯ ಹತ್ತಿರವೇ ಇರುವುದರಿಂದ ಅದನ್ನು ಇದ್ದ ಹಾಗೇ ಬಿಡಬೇಕು.

ಮರವಾದರೆ ಎಳೆ ನೋಡಿ

ಆರಡಿ ಉದ್ದ, ಎಂಟು–ಹತ್ತು ಸೆಂ.ಮೀ. ದಪ್ಪದ ನೆಟ್ಟ ತುಂಡು ಸಾಕು. ಗಂಟು ಕಡಿಮೆ ಇದ್ದಷ್ಟೂ ಒಳ್ಳೆಯದು. ತೊಗಟೆಯ ಗೀರುಗಳು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಹೋಗಿದ್ದರೆ ಒಳಗಿನ ಎಳೆಯೂ ಹಾಗೇ ಇರುತ್ತದೆ, ಅದನ್ನು ಬಿಟ್ಟುಬಿಡಿ. ಅನುಮಾನ ಬಂದರೆ ಒಂದಡಿ ತುಂಡನ್ನು ಕೊಡಲಿಯಿಂದ ಸೀಳಿ. ಸೀಳು ನೆಟ್ಟಗೆ ಇಳಿಯಬೇಕು. ಅದರಲ್ಲೇ ಬೆರಳು ದಪ್ಪದ ಕಡ್ಡಿ ತೆಗೆದು, ಒಣಗಿಸಿ, ಮುರಿದು ನೋಡಿ. ನಾರು ನಾರಾಗಿ ಉದ್ದಕ್ಕೆ ಸಿಗಿದರೆ ಮರ ಒಳ್ಳೆಯದು. ಸೀಮೆಸುಣ್ಣದ ಹಾಗೆ ಪಟಕ್ಕನೆ ತುಂಡಾದರೆ ಆ ಮರ ನಂಬಬೇಡಿ, ಮುಖದ ಹತ್ತಿರ ಹಿಡಿಯುವ ವಸ್ತು ಇದು.

ಒಣಗಿಸುವುದು

ಹೆಚ್ಚಿನವರು ಕೆಡಿಸುವುದು ಇಲ್ಲೇ. ಮರವಾದರೆ ಕಡಿದ ದಿನವೇ ಎರಡೂ ತುದಿಗೆ ಮೇಣವನ್ನೋ ಬಣ್ಣವನ್ನೋ ದಪ್ಪಗೆ ಬಳಿಯಿರಿ. ಇಲ್ಲದಿದ್ದರೆ ತುದಿ ಮೊದಲು ಒಣಗಿ ಬಿರಿಯುತ್ತದೆ. ಬಿಸಿಲಿಗೆ ಇಡಲೇಬೇಡಿ. ದಪ್ಪ ಇದ್ದರೆ ಉದ್ದಕ್ಕೆ ಎರಡು ಸೀಳು ಮಾಡಿ, ನೆಟ್ಟಗಿನ ಹಲಗೆಗೆ ಬಿಗಿದು ಕಟ್ಟಿ, ಗಾಳಿಯಾಡುವ ನೆರಳಲ್ಲಿ ಮಲಗಿಸಿ. ಗೋಡೆಗೆ ಒರಗಿಸಿಟ್ಟರೆ ಸೊಟ್ಟಗಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹದವಾದ ಬಿಸಿ ಇರುತ್ತದೆ, ಹೊಗೆಗೆ ಹುಳವೂ ಹತ್ತಿರ ಬರುವುದಿಲ್ಲ.

ಎಷ್ಟು ತಿಂಗಳು ಎಂದು ಕೇಳಬೇಡಿ, ತೂಕ ನೋಡಿ. ವಾರಕ್ಕೊಮ್ಮೆ ಕೆಳಗಿಳಿಸಿ ತಕ್ಕಡಿಗೆ ಹಾಕಿ, ಅದೇ ತುಂಡಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಮೊದಲು ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಮೂರು ವಾರ ಸಾಲಾಗಿ ಒಂದೇ ತೂಕ ಬಂದ ದಿನ ಕೀಸುಳಿ ಕೈಗೆ ತೆಗೆದುಕೊಳ್ಳಿ.